ಅವ್ವನಿಗೆ ಸಂಭಾವನೆ ಎಷ್ಟು?

ಆಳಂದ ಬಸ್‌ಸ್ಟ್ಯಾಂಡು. ಅಫಜಲಪುರ, ಜೇವರ್ಗಿ ಕಡೆಯ ನಾಲ್ಕು ಹುಡುಗರ ಜತೆ ನನ್ನ ಸಿನಿಮಾ ಹರಟೆ. ಪಂಢರಿಬಾಯಿ ತಾಯಿಯಾಗಿ ಅತ್ತರೆ ಇಡೀ ಟಾಕೀಸೇ ಅಳುತ್ತಿತ್ತಲ್ಲ! ಆ ಪಾತ್ರಕ್ಕಾದರೂ ಸಂಭಾವನೆಯಿತ್ತು.

“ನಿಮ್ಮವ್ವ ಏನ್ ಕೆಲಸ ಮಾಡ್ತಾಳಪಾ?” ಅಂದೆ ಒಬ್ಬನಿಗೆ.

“ಏನೂ ಇಲ್ರಿ, ಮನ್ಯಾಗ ಇರ್ತಾಳ್ರಿ.”

ಸರ್ಕಾರದ ಉತ್ತರವೂ ಇದೇ ಗೆಳೆಯರೇ! ಜನಗಣತಿಯ ಪ್ರಶ್ನೆ ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಮನೆಗೆಲಸ ಅದರ ಲೆಕ್ಕದಲ್ಲಿ ಕೆಲಸವೇ ಅಲ್ಲ. 2001ರಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿಗೇ ಸೇರಿಸಿದ್ದರು. 2010ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ತರಾಟೆಗೆ ತೆಗೆದುಕೊಂಡಿತು. 2019ರ ಸಮಯ ಬಳಕೆ ಸಮೀಕ್ಷೆ ನೋಡಿ: ಮನೆಗೆಲಸ ಮಾಡುವ ಹೆಂಗಸಿಗೆ ದಿನಕ್ಕೆ 299 ನಿಮಿಷ, ಅಂದರೆ ಎರಡು ಸಿನಿಮಾದಷ್ಟು! ಗಂಡಸರಲ್ಲಿ ಕೈಹಾಕಿದವರೇ ನೂರಕ್ಕೆ 26. ಅವರದು 97 ನಿಮಿಷ.

ನಾನೇನು ಸಾಚಾ ಅಲ್ಲ. ಕಾಲೇಜು ಫಾರಮಿನಲ್ಲಿ ತಾಯಿಯ ಉದ್ಯೋಗ ‘ಇಲ್ಲ’ ಅಂತ ಬರೆದವನೇ. ಅದೇ ವರ್ಷ ಅವ್ವ ಹಾಸಿಗೆ ಹಿಡಿದಳು. ನೀರು, ಒಲೆ, ಅಜ್ಜಿಯ ಗುಳಿಗೆ ಎಲ್ಲಾ ನನ್ನ ತಲೆಗೆ ಬಿತ್ತು. ನಾ ಬಡಿದ ಜೋಳದ ರೊಟ್ಟಿಯೋ, ಭಾರತದ ನಕಾಶೆ! ಪಿಯುಸಿ ಅಲ್ಲಿಗೇ ನಿಂತಿತು.

ಹುಡುಗ ಸುಮ್ಮನಾದ. ಆಮೇಲೆ ಮೆಲ್ಲಗೆ, “ನಮ್ಮವ್ವ ನಾಕಕ್ಕೇ ಏಳ್ತಾಳ್ರಿ” ಅಂದ. ಅಷ್ಟರಲ್ಲಿ ಬಸ್ಸು ಬಂತು.