ಬಿತ್ತುವ ಬೀಜಕ್ಕೆ ಒಂದು ರಾತ್ರಿಯ ನೀರು



ಹಿಂಗಾರಿಯಲ್ಲಿ ಕಡಲೆ ಬಿತ್ತುವ ಎರೆಭೂಮಿಯ ರೈತರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಮಳೆ ಹಿಂದೆ ಸರಿದ ಮೇಲೆ ನೆಲದ ಮೇಲ್ಪದರ ದಿನದಿನಕ್ಕೂ ಆರುತ್ತದೆ. ಬೀಜ ತೇವ ಹೀರಿ ಮೊಳೆಯುವಷ್ಟರಲ್ಲಿ ತೇವವೇ ಕೆಳಗಿಳಿದಿರುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಹುಟ್ಟಿ ಅಲ್ಲಲ್ಲಿ ಬರಿದಾದರೆ ಬೀಜದ ಹಣವೂ ಹೋಯಿತು, ಹದವೂ ಹೋಯಿತು. ಮರಳಿ ಬಿತ್ತೋಣವೆಂದರೆ ಭೂಮಿಯಲ್ಲಿ ತೇವವಿಲ್ಲ. ಈ ನಷ್ಟವನ್ನು ತಗ್ಗಿಸಲು ಖರ್ಚಿಲ್ಲದ ಉಪಾಯವೊಂದಿದೆ. ಅದೇ ಬೀಜವನ್ನು ನೆನೆಸಿ ಬಿತ್ತುವುದು.

ಇದರಿಂದ ಆಗುವುದೇನು?

ಒಣ ಬೀಜ ಮೊದಲು ನೀರು ಕುಡಿಯಬೇಕು. ಆಮೇಲೆ ಅದರೊಳಗಿನ ಜೀವ ಎಚ್ಚರಗೊಳ್ಳಬೇಕು. ಕೊನೆಗೆ ಬೇರು ಹೊರಬರಬೇಕು. ಮೊದಲಿನ ಕೆಲಸಗಳನ್ನು ಮನೆಯಲ್ಲಿಯೇ ಮುಗಿಸಿಕೊಟ್ಟರೆ ಹೊಲದಲ್ಲಿ ಬೀಜಕ್ಕೆ ಬೇರು ಬಿಡುವುದೊಂದೇ ಉಳಿಯುತ್ತದೆ. ಮೊಳಕೆ ಬೇಗನೆ, ಸಮನಾಗಿ ಮೇಲೇಳುತ್ತದೆ. ಬೇರು ಇಳಿಯುವ ತೇವವನ್ನು ಬೆನ್ನಟ್ಟಿ ಹಿಡಿಯುತ್ತದೆ. 1990ರ ದಶಕದಲ್ಲಿ ಪಶ್ಚಿಮ ಭಾರತದ ರೈತರ ಹೊಲಗಳಲ್ಲಿಯೇ ಗೋವಿನಜೋಳ, ಭತ್ತ ಮತ್ತು ಕಡಲೆಗಳ ಮೇಲೆ ಇದರ ಪರೀಕ್ಷೆ ನಡೆಯಿತು. ಅದರ ವರದಿ 1999ರಲ್ಲಿ ಪ್ರಕಟವಾಯಿತು.

ಮಾಡುವ ಕ್ರಮ

1. ಬಿತ್ತುವ ಹಿಂದಿನ ರಾತ್ರಿ 10 ಗಂಟೆಗೆ ಕಡಲೆಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ಮುಳುಗಿ ಮೇಲೆ ನಿಲ್ಲುವಷ್ಟು ಶುದ್ಧ ನೀರು ಹಾಕಿರಿ. ಬೀಜ ಉಬ್ಬುವುದರಿಂದ ಪಾತ್ರೆ ತುಂಬಬೇಡಿರಿ.

2. ಬೆಳಗ್ಗೆ 6 ಗಂಟೆಗೆ ನೀರು ಬಸಿಯಿರಿ. 8 ಗಂಟೆ ಸಾಕು.

3. ನೆರಳಿನಲ್ಲಿ ಗೋಣಿತಟ್ಟಿನ ಮೇಲೆ ತೆಳುವಾಗಿ ಹರಡಿರಿ. ಕೈಗೆ ಅಂಟದಷ್ಟು ಮೇಲ್ಮೈ ಆರಿದರೆ ಸಾಕು.

4. ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸುವುದಿದ್ದರೆ ಈಗ ಲೇಪಿಸಿ, ಅದೇ ದಿನ ಬಿತ್ತಿರಿ. ಉಬ್ಬಿದ ಬೀಜ ಕೂರಿಗೆಯಲ್ಲಿ ಸಿಕ್ಕಿಕೊಳ್ಳದೆ ಇಳಿಯುವುದೇ ಎಂದು ಮೊದಲು ನೋಡಿಕೊಳ್ಳಿರಿ.

ಜೋಳಕ್ಕೆ 10 ಗಂಟೆ, ರಾಗಿಗೆ 8 ಗಂಟೆ, ಗೋವಿನಜೋಳಕ್ಕೆ 12ರಿಂದ 18 ಗಂಟೆ ನೆನೆಸಬಹುದು. ಹೆಚ್ಚು ನೆನೆದರೆ ಒಳ್ಳೆಯದೆಂದು ಭಾವಿಸಬೇಡಿರಿ. ಹೊತ್ತು ಮೀರಿದರೆ ಮೊಳಕೆ ಹೊರಬಂದು, ಬಿತ್ತುವಾಗ ಮುರಿದು ಬೀಜವೇ ಕೆಡುತ್ತದೆ.

ಎಚ್ಚರಿಕೆಯ ಮಾತು

ಔಷಧ ಲೇಪಿಸಿ ಬಣ್ಣ ಹಾಕಿದ ಬೀಜವನ್ನು ನೆನೆಸಬಾರದು. ಔಷಧ ತೊಳೆದುಹೋಗುತ್ತದೆ, ಆ ನೀರು ದನಕರುಗಳಿಗೆ ವಿಷ. ಸೋಯಾ ಅವರೆಯನ್ನು ನೆನೆಸಬೇಡಿರಿ. ಅದರ ಸಿಪ್ಪೆ ತೆಳುವಾದ್ದರಿಂದ ಬೀಜ ಬಿರಿಯುತ್ತದೆ. ತೇವವೇ ಇಲ್ಲದ ನೆಲಕ್ಕೆ ನೆನೆದ ಬೀಜ ಹಾಕಿದರೆ ಅದು ಉಳಿಯದು. ಅಕಸ್ಮಾತ್ ಮಳೆ ಬಂದು ಬಿತ್ತನೆ ನಿಂತರೆ ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಕೆಲವೇ ದಿನಗಳಲ್ಲಿ ಬಿತ್ತಿಬಿಡಿರಿ. ಒದ್ದೆಯಾಗಿಯೇ ಚೀಲದಲ್ಲಿ ಕಟ್ಟಿಟ್ಟರೆ ಕಾವೇರಿ ಮುಗ್ಗುತ್ತದೆ. ಜೊಳ್ಳು ಬೀಜ, ಹುಳು ತಿಂದ ಬೀಜ ನೆನೆಸಿದರೂ ಹುಟ್ಟುವುದಿಲ್ಲ. ಆದ್ದರಿಂದ ವಾರ ಮೊದಲೇ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸಿ ನೋಡಿರಿ.

ನಮ್ಮ ಮಾತನ್ನೇ ನಂಬಬೇಕೆಂದಿಲ್ಲ. ಈ ಸಲ ನಿಮ್ಮ ಹೊಲದಲ್ಲಿ ನಾಲ್ಕು ಸಾಲು ನೆನೆದ ಬೀಜ, ಪಕ್ಕದಲ್ಲಿ ನಾಲ್ಕು ಸಾಲು ಒಣ ಬೀಜ ಬಿತ್ತಿರಿ. ಹತ್ತನೆಯ ದಿನ ನೆರೆಯವರನ್ನೂ ಕರೆದು ಸಸಿಗಳನ್ನು ಎಣಿಸಿರಿ. ತೀರ್ಮಾನವನ್ನು ನಿಮ್ಮ ಹೊಲವೇ ಹೇಳಲಿ.