‘ಹೋಗಿ ಬಾ’ ಒಳಗೆ ‘ಮತ್ತು’ ಎಲ್ಲಿ ಉಂಟು?

ಕಳೆದ ಸೆಮಿಸ್ಟರ್‌ನಲ್ಲಿ ಈ ಪತ್ರಿಕೆಗೆ ಅಂತ ನಾನು ಬರೆದ ಮೊದಲ ಲೇಖನ ನಮ್ಮ ಸೀನಿಯರ್ ಅಕ್ಕನ ಕೈಗೆ ಹೋಗಿ ವಾಪಸ್ ಬಂದಾಗ ಅದರಲ್ಲಿ 14 ಕೆಂಪು ವೃತ್ತಗಳಿದ್ದವು. ಅಷ್ಟೂ ವೃತ್ತ ಒಂದೇ ಪದಕ್ಕೆ: ‘ಮತ್ತು’. “ಅವನು ಬಸ್ಸಿನಿಂದ ಇಳಿದನು ಮತ್ತು ಓಡಿದನು” ಅಂತ ಬರೆದಿದ್ದೆ. ಅಕ್ಕ ಬೈಯಲಿಲ್ಲ. “ನೀನು ಮನೆಯಲ್ಲಿ ಹೀಗೆ ಮಾತಾಡ್ತೀಯಾ ಮಾರಾಯ?” ಅಂತ ಕೇಳಿದರು, ಅಷ್ಟೇ.

ಇಲ್ಲ. ಕಾರ್ಕಳದ ನಮ್ಮ ಮನೆಯಲ್ಲಿ ಹಾಗೆ ಮಾತಾಡಿದ್ರೆ ಅಜ್ಜಿ ನಗಾಡ್ತಾರೆ. ಬಾಯಲ್ಲಿ ನಾನು “ಇಳಿದು ಓಡಿದ” ಅಂತಲೇ ಹೇಳೋದು. ಪೆನ್ ಹಿಡಿದ ಕೂಡ್ಲೇ ಎಲ್‌ಕೆಜಿಯಿಂದ ಕಲಿತ ಇಂಗ್ಲಿಷ್ ಒಳಗಿನಿಂದ ಎದ್ದು ಬಂದು ಎರಡು ಕ್ರಿಯಾಪದಗಳ ಮಧ್ಯೆ ಒಂದು ‘ಆ್ಯಂಡ್’ ಇಟ್ಟು ಹೋಗ್ತದೆ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಿಂದ ಬಂದವರು ಕ್ಯಾಂಪಸ್‌ನಲ್ಲಿ ತುಂಬ ಜನ ಇದ್ದೀರಿ. ಆದ್ದರಿಂದ ಈ ‘ಆ್ಯಂಡ್’ ನಿಜವಾಗಿ ಎಂತ ಕೆಲಸ ಮಾಡ್ತದೆ ಅಂತ ಸ್ವಲ್ಪ ಬಿಚ್ಚಿ ನೋಡುವ.

ಎಲ್ಲ ‘ಆ್ಯಂಡ್’ ಒಂದೇ ಅಲ್ಲ

ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಆ್ಯಂಡ್ ಗೇಟ್ ಓದಿದ್ದೀರಿ. ಎರಡು ಇನ್‌ಪುಟ್‌ಗಳನ್ನು ಅದಲುಬದಲು ಮಾಡಿದರೂ ಔಟ್‌ಪುಟ್ ಬದಲಾಗುವುದಿಲ್ಲ. “ಪೆನ್ ಆ್ಯಂಡ್ ಪೇಪರ್” ಅಂದರೂ “ಪೇಪರ್ ಆ್ಯಂಡ್ ಪೆನ್” ಅಂದರೂ ಅಂಗಡಿಯವರು ಕೊಡೋದು ಅದೇ ಎರಡು ಸಾಮಾನು.

ಈಗ “ಗೋ ಆ್ಯಂಡ್ ಗೆಟ್ ದ ರೆಕಾರ್ಡ್” ಅನ್ನುವುದನ್ನು ತಿರುಗಿಸಿ: “ಗೆಟ್ ದ ರೆಕಾರ್ಡ್ ಆ್ಯಂಡ್ ಗೋ”. ಮೊದಲನೆಯದು ‘ಹೋಗಿ ತಗೊಂಡು ಬಾ’. ಎರಡನೆಯದು ‘ತಗೊಂಡು ಹೋಗು’, ಅಂದರೆ ಲ್ಯಾಬ್‌ನಿಂದ ಜಾಗ ಖಾಲಿ ಮಾಡು ಅಂತ. ಇದು ಆ್ಯಂಡ್ ಗೇಟ್ ಅಲ್ಲ. ಸಿ ಭಾಷೆಯ ‘&&’ ಇದಕ್ಕೆ ಹೆಚ್ಚು ಹತ್ತಿರ: ಎಡಗಡೆಯದ್ದು ಮೊದಲು ಆಗ್ಬೇಕು, ಅದು ಆಗದಿದ್ದರೆ ಬಲಗಡೆಯದ್ದನ್ನು ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಹೋಗದೆ ತರುವುದು ಹೇಗೆ?

ಇನ್ನೊಂದು ಪರೀಕ್ಷೆ ಉಂಟು. “ಐ ಏಟ್ ದೋಸಾ ಆ್ಯಂಡ್ ಡ್ರ್ಯಾಂಕ್ ಕಾಫಿ” ಎಂಬ ವಾಕ್ಯದಿಂದ ಕಾಫಿಯನ್ನು ಮಾತ್ರ ಹೊರಗೆ ಎಳೆದು “ವಾಟ್ ಡಿಡ್ ಯು ಈಟ್ ದೋಸಾ ಆ್ಯಂಡ್ ಡ್ರಿಂಕ್?” ಅಂತ ಕೇಳಿದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗೆ ಆಗ್ತದೆ. ಆದರೆ “ವಾಟ್ ಡಿಡ್ ಯು ಗೋ ಆ್ಯಂಡ್ ಬೈ?” ಅಂದರೆ ಏನೂ ತೊಂದರೆ ಇಲ್ಲ. ‘ಆ್ಯಂಡ್’ ಜೋಡಿಸಿದ ಎರಡು ಭಾಗಗಳಲ್ಲಿ ಒಂದರ ಒಳಗಿನಿಂದ ಮಾತ್ರ ಪದವನ್ನು ಹೊರತೆಗೆಯಲು ಆಗದು ಎಂಬ ನಿಯಮವನ್ನು 1967ರಲ್ಲಿ ಜಾನ್ ರಾಬರ್ಟ್ ರಾಸ್ ಎಂಬವರು ಎಂಐಟಿಗೆ ಕೊಟ್ಟ ಪಿಎಚ್‌ಡಿ ಪ್ರಬಂಧದಲ್ಲಿ ಬರೆದರು. ‘ಗೋ ಆ್ಯಂಡ್’ ತರದ ಜೋಡಿಗಳು ಆ ನಿಯಮದಿಂದ ತಪ್ಪಿಸಿಕೊಳ್ಳುತ್ತವೆ ಎಂಬುದೂ ಅವರಿಗೆ ಆಗಲೇ ಗೊತ್ತಿತ್ತು. ಹೊರಗಿನಿಂದ ಎರಡು ಕ್ರಿಯೆ, ಒಳಗೆ ಒಂದೇ ಕೆಲಸ. ಅದಕ್ಕೇ ಈ ವಿನಾಯಿತಿ.

ಕನ್ನಡದ ಒಂದು ‘ಇ’

ಅದೇ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಪದವೇ ಬೇಡ. ‘ಹೋಗು’ ಇದ್ದದ್ದು ‘ಹೋಗಿ’ ಆದರೆ, ‘ಬರು’ ಇದ್ದದ್ದು ‘ಬಂದು’ ಆದರೆ ಮುಗಿಯಿತು. ಹೈಸ್ಕೂಲಿನಲ್ಲಿ ಕೃದಂತಾವ್ಯಯ ಅಂತ ಬಾಯಿಪಾಠ ಮಾಡಿ ಎರಡು ಮಾರ್ಕ್ ತಗೊಂಡದ್ದು ನೆನಪುಂಟಾ? ಇದೇ ಅದು. ಹೋಗಿ ತಂದೆ, ಹೋಗಿ ತರ್ತೇನೆ, ಹೋಗಿ ತಾ: ‘ಹೋಗಿ’ ಎಲ್ಲಿಯೂ ಬದಲಾಗಲಿಲ್ಲ. ಯಾರು, ಯಾವಾಗ ಎಂಬ ಭಾರವನ್ನೆಲ್ಲ ಕೊನೆಯ ಕ್ರಿಯಾಪದವೇ ಹೊರುತ್ತದೆ. ಎಷ್ಟು ಬೋಗಿ ಬೇಕಾದರೂ ಸೇರಿಸಬಹುದು: “ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹಿಡಿದು ಕ್ಲಾಸಿಗೆ ಬಂದೆ.” ಇಂಜಿನ್ ಮಾತ್ರ ಕೊನೆಯಲ್ಲಿ.

ಇದನ್ನೇ ‘ಎದ್ದೆನು ಮತ್ತು ತೊಳೆದೆನು ಮತ್ತು ತಿಂದೆನು’ ಅಂತ ಬರೆದರೆ ಪ್ರತಿ ಬೋಗಿಗೂ ಒಂದೊಂದು ಇಂಜಿನ್ ಕಟ್ಟಿದ ಹಾಗೆ. ನನ್ನ 14 ಕೆಂಪು ವೃತ್ತ ಅದಕ್ಕೇ ಬಿದ್ದದ್ದು. ಆ್ಯಪ್‌ಗಳಲ್ಲಿ ಬರುವ “ಕ್ಲಿಕ್ ಮಾಡಿ ಮತ್ತು ಡೌನ್‌ಲೋಡ್ ಮಾಡಿ” ಕೂಡ ಇದೇ ಕಾಯಿಲೆ. “ಕ್ಲಿಕ್ ಮಾಡಿ ಡೌನ್‌ಲೋಡ್ ಮಾಡಿ” ಅಂದರೆ ಸಾಕಲ್ವಾ?

ಒಂದು ಎಚ್ಚರಿಕೆ: ಸಾಮಾನ್ಯವಾಗಿ ಎರಡೂ ಕೆಲಸ ಮಾಡುವವರು ಒಬ್ಬರೇ ಆಗಿರಬೇಕು. “ನಾನು ಬಂದು ಅವನು ಹೋದ” ಅಂದರೆ ಸರಿಯಾಗದು, “ನಾನು ಬಂದ ಮೇಲೆ ಅವನು ಹೋದ” ಅನ್ನಬೇಕು. ಮೊದಲನೆಯದು ಎರಡನೆಯದಕ್ಕೆ ಕಾರಣವಾದರೆ ಮಾತ್ರ ರಿಯಾಯಿತಿ: “ಮಳೆ ಬಂದು ಮ್ಯಾಚ್ ನಿಂತಿತು.”

‘ಗೋ ಆ್ಯಂಡ್ ಕಮ್’ಗೆ ಯಾಕೆ ನಗು?

ಮೊದಲ ವರ್ಷದ ವೈವಾದಲ್ಲಿ ರೆಕಾರ್ಡ್ ಬ್ಯಾಗಿನಲ್ಲೇ ಬಾಕಿಯಾಗಿತ್ತು. “ಸರ್, ಐ ವಿಲ್ ಗೋ ಆ್ಯಂಡ್ ಕಮ್” ಅಂದೆ. ಪರೀಕ್ಷಕರು ನಕ್ಕರು, ಹಿಂದಿದ್ದವರೂ ನಕ್ಕರು. ಆ ದಿನ ಉತ್ತರ ಗೊತ್ತಿದ್ದ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ವ್ಯಾಕರಣದಲ್ಲಿ ತಪ್ಪು ಎಲ್ಲಿ ಅಂತ ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ತಪ್ಪು ವ್ಯಾಕರಣದ್ದಲ್ಲ. ಇಂಗ್ಲಿಷಿನ ‘ಗೋ ಆ್ಯಂಡ್’ ನಂತರ ಬರುವುದು ಹೆಚ್ಚಾಗಿ ಹೋಗುವ ಉದ್ದೇಶ: ತರಲಿಕ್ಕೆ, ನೋಡಲಿಕ್ಕೆ, ಹೇಳಲಿಕ್ಕೆ. ವಾಪಸ್ ಬರಲಿಕ್ಕೆ ಅಂತ ಯಾರೂ ಹೋಗುವುದಿಲ್ಲ, ಹಾಗಾಗಿ ಅವರ ಕಿವಿಗೆ ಅದು ವಿಚಿತ್ರ. ಅಲ್ಲಿ “ಐ ವಿಲ್ ಬಿ ಬ್ಯಾಕ್” ಸಾಕು. ಕನ್ನಡದ ‘ಹೋಗಿ’ಗೆ ಉದ್ದೇಶವೇ ಬೇಕೆಂದಿಲ್ಲ, ಒಂದು ಮುಗಿದು ಇನ್ನೊಂದು ಆದರೆ ಆಯಿತು. ‘ಹೋಗಿ ಬರ್ತೇನೆ’ ನಮಗೆ ಪೂರ್ತಿ ಒಂದು ಸುತ್ತು.

ಈ ಸುತ್ತು ಕನ್ನಡದ್ದು ಮಾತ್ರವೂ ಅಲ್ಲ. ಕಾಪುವಿನ ನನ್ನ ರೂಮ್‌ಮೇಟ್ ಫೋನ್ ಇಡುವಾಗ ತುಳುವಿನಲ್ಲಿ “ಪೋದು ಬರ್ಪೆ” ಅಂತಾನೆ. ಉಡುಪಿಯ ಕೊಂಕಣಿ ಮನೆಗಳಲ್ಲಿ “ವಚ್ಚೂನು ಯೆತ್ತಾ”. ತಮಿಳಿನವರದ್ದು “ಪೋಯಿಟ್ಟು ವರೇನ್”. ಕೊಂಕಣಿ ದ್ರಾವಿಡ ಭಾಷೆ ಅಲ್ಲವೇ ಅಲ್ಲ, ಆದರೂ ಅಚ್ಚು ಒಂದೇ. ಹುಟ್ಟು ಬೇರೆಯಾದರೂ ಅಕ್ಕಪಕ್ಕ ಬಾಳಿದ ಭಾಷೆಗಳು ಹೀಗೆ ಒಂದೇ ಅಚ್ಚಿಗೆ ಬರುವುದನ್ನು ಕಾಲಿನ್ ಮಸಿಕಾ ಎಂಬ ವಿದ್ವಾಂಸರು 1976ರ ತಮ್ಮ ಪುಸ್ತಕದಲ್ಲಿ ಪರಿಶೀಲಿಸಿದ್ದಾರೆ. ಅವರು ಆರಿಸಿಕೊಂಡ ಲಕ್ಷಣಗಳಲ್ಲಿ ಈ ‘ಹೋಗಿ, ಬಂದು’ ರೂಪವೂ ಒಂದು.

ಜಾಗ ಬಿಡದ ‘ಹೋಗು’

“ಹೀ ವೆಂಟ್ ಆ್ಯಂಡ್ ಟೋಲ್ಡ್ ದ ಎಚ್‌ಒಡಿ” ಎಂಬುದರಲ್ಲಿ ಅವನು ನಡೆದು ಹೋದದ್ದು ಮುಖ್ಯವಲ್ಲ, ವಾಟ್ಸ್‌ಆ್ಯಪ್‌ನಲ್ಲೇ ಹೇಳಿರಬಹುದು. ‘ಮಾಡಬಾರದ್ದು ಮಾಡಿದ’ ಎಂಬ ಸಿಟ್ಟು ಅಲ್ಲಿ ಉಂಟು. ನಾವು ಎಂತ ಹೇಳ್ತೇವೆ? “ಹೋಗಿ ಹೋಗಿ ಅವರ ಹತ್ರ ಹೇಳಿದ್ಯಾ?” ಇಲ್ಲಿಯೂ ಯಾರೂ ಎಲ್ಲಿಗೂ ಹೋಗಲಿಲ್ಲ! ಎರಡು ದೂರದ ಭಾಷೆಗಳು ‘ಹೋಗು’ ಎಂಬ ಪದದಿಂದಲೇ ಬೈಗುಳ ತಯಾರಿಸಿವೆ. ಆದ್ದರಿಂದ ಇಂಗ್ಲಿಷ್ ಮೇಲ್‌ನಲ್ಲಿ ‘ವೆಂಟ್ ಆ್ಯಂಡ್’ ಬರೆಯುವ ಮೊದಲು ಎರಡು ಸಲ ಯೋಚಿಸಿ.

ಕನ್ನಡದ್ದು ಇನ್ನೂ ಒಂದು ಹೆಜ್ಜೆ ಮುಂದೆ. “ಐಸಿ ಸುಟ್ಟು ಹೋಯ್ತು” ಅಂದಾಗ ಐಸಿ ಬ್ರೆಡ್‌ಬೋರ್ಡ್ ಮೇಲೆಯೇ ಕೂತಿರ್ತದೆ. ಇಲ್ಲಿ ‘ಹೋಯ್ತು’ ಅಂದರೆ ಇನ್ನು ಸರಿಯಾಗುವುದಿಲ್ಲ ಅಂತ. ‘ಬರ್ನ್ಟ್ ಆ್ಯಂಡ್ ವೆಂಟ್’ ಅಂತ ಯಾರೂ ಬರೆಯಬೇಡಿ.

‘ಟ್ರೈ ಆ್ಯಂಡ್ ಫಿನಿಶ್’ ಕೂಡ ಇದೇ ಕುಟುಂಬದ್ದು, ಆದರೆ ಮೊಂಡು. ಎರಡೂ ಪದ ಮೂಲರೂಪದಲ್ಲಿ ಇದ್ದರೆ ಮಾತ್ರ ನಡೆಯುತ್ತದೆ. ‘ಟ್ರೈಡ್ ಆ್ಯಂಡ್ ಫಿನಿಶ್ಡ್’ ಅಂದರೆ ಆ ಅರ್ಥ ಹೋಯ್ತು, ಅಲ್ಲಿ ‘ಟ್ರೈಡ್ ಟು ಫಿನಿಶ್’ ಅನ್ನಬೇಕು. ಪ್ರಾಜೆಕ್ಟ್ ರಿಪೋರ್ಟಿನಲ್ಲಂತೂ ಯಾವಾಗಲೂ ‘ಟ್ರೈ ಟು’ ಒಳ್ಳೆಯದು. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ‘ಮಾಡಿ ನೋಡು’. ಅವರ ‘ಟ್ರೈ’ ಮೊದಲು, ನಮ್ಮ ‘ನೋಡು’ ಕೊನೆಗೆ, ಕನ್ನಡಿಯಲ್ಲಿ ಕಂಡ ಹಾಗೆ.

ಕೊನೆಗೆ ಅಜ್ಜಿಯ ವಿಷಯ. ಹಾಸ್ಟೆಲ್ ಸೇರಿದ ಹೊಸತರಲ್ಲಿ ಒಂದು ಭಾನುವಾರ ಮನೆಯಿಂದ ಹೊರಡುವಾಗ “ಅಜ್ಜಿ, ನಾನು ಹೋಗ್ತೇನೆ” ಅಂದಿದ್ದೆ. ತಲೆಯೊಳಗೆ ‘ಐ ಆ್ಯಮ್ ಗೋಯಿಂಗ್’ ಓಡ್ತಿತ್ತು. ಅಜ್ಜಿ ನನ್ನನ್ನು ಮತ್ತೆ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, “ಹಾಗೆ ಹೇಳ್ಬಾರ್ದು ಮಗಾ, ಹೋಗಿ ಬರ್ತೇನೆ ಅನ್ನು” ಅಂದರು. ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲಕ್ಕೆ ಬರುವ ಬಸ್ ಆ ಹೊತ್ತಿಗೆ ತಪ್ಪಿ ಹೋಯ್ತು. ಅವತ್ತು ಸಿಟ್ಟು ಬಂದಿತ್ತು. ವೈವಾದಲ್ಲಿ ಎಲ್ಲರೂ ನಕ್ಕದ್ದು ಅಜ್ಜಿ ಹೇಳಿಕೊಟ್ಟ ಅದೇ ಮಾತಿಗೆ ಅಂತ ಈಗ ಗೊತ್ತಾಗಿದೆ. ಇನ್ನು ನಾಚಿಕೆ ಇಲ್ಲ. ಪರೀಕ್ಷಕರಿಗೆ ‘ಐ ವಿಲ್ ಬಿ ಬ್ಯಾಕ್’, ಅಜ್ಜಿಗೆ ‘ಹೋಗಿ ಬರ್ತೇನೆ’.

ಅಂದ ಹಾಗೆ, ಉದಾಹರಣೆಗಳನ್ನು ಬಿಟ್ಟರೆ ಈ ಲೇಖನದಲ್ಲಿ ಎರಡು ಕ್ರಿಯಾಪದಗಳ ಮಧ್ಯೆ ಒಂದೂ ‘ಮತ್ತು’ ಇಲ್ಲ. ಅಕ್ಕ, ಬೇಕಾದರೆ ಕೆಂಪು ಪೆನ್ ಹಿಡಿದು ಹುಡುಕಿ ನೋಡಿ.