ಮಜ್ಜಿಗೆ ನೀಡಲು ಸಂಕೋಚವೇಕೆ?

ಚೈತ್ರ ವೈಶಾಖಗಳ ಬಿಸಿಲು ನಮ್ಮ ಬಯಲುಸೀಮೆಗೆ ಹೊಸತಲ್ಲ. ಆ ಬಿಸಿಲಿಗೆ ಅಂಜದೆ ಬದುಕುವ ಉಪಾಯಗಳನ್ನು ನಮ್ಮ ಹಿರಿಯರು ಅಡುಗೆಮನೆಯಲ್ಲಿಯೇ ಕಂಡುಕೊಂಡಿದ್ದರು. ದಾರಿಹೋಕರ ದಾಹ ತಣಿಸಲೆಂದು ಅರವಟ್ಟಿಗೆಗಳನ್ನಿಟ್ಟು, ಅವುಗಳ ನಿರ್ವಹಣೆಗಾಗಿ ದತ್ತಿಗಳನ್ನು ಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ದೊರೆಯುತ್ತದೆ. ನೀರು ಕೊಡುವುದೇ ಪುಣ್ಯವೆಂದು ತಿಳಿದ ನಾಡು ನಮ್ಮದು. ಅಂತಹ ನಾಡಿನಲ್ಲಿ ಈಗ ಮನೆಯ ಮಜ್ಜಿಗೆಯನ್ನು ಅತಿಥಿಗೆ ನೀಡಲು ಗೃಹಿಣಿಯರು ನಾಚುವಂತಾಗಿದೆ. ಈ ಲೇಖನವನ್ನು ಬರೆಯಲು ಆ ನಾಚಿಕೆಯೇ ಕಾರಣ.

ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಗೆ ಪ್ರವಚನಕ್ಕೆಂದು ಹೋಗಿದ್ದೆ. ಬಸ್ಸಿನಿಂದಿಳಿದು ಭಕ್ತರೊಬ್ಬರ ಮನೆ ಸೇರುವಷ್ಟರಲ್ಲಿ ನಡುಮಧ್ಯಾಹ್ನವಾಗಿತ್ತು. ಯಜಮಾನರು ಮಗನ ಕೈಯಲ್ಲಿ ಹಣವಿತ್ತು ಅಂಗಡಿಗೆ ಓಡಿಸಿದರು. ಕಪ್ಪು ಬಣ್ಣದ ತಂಪು ಪಾನೀಯದ ಬಾಟಲಿ ಬಂದಿತು. ಒಳಗಿನಿಂದ ಕಡಗೋಲಿನ ಸದ್ದು ಕೇಳಿಬರುತ್ತಿತ್ತು. "ತಾಯಿ, ಒಂದು ಲೋಟ ಮಜ್ಜಿಗೆ ಕೊಡಿರಿ" ಎಂದು ಕೇಳಿದೆ. ಆ ವೃದ್ಧ ತಾಯಿ ಬಾಗಿಲ ಮರೆಯಲ್ಲಿ ನಿಂತು, "ಶಾಸ್ತ್ರಿಗಳಿಗೆ ಬರೇ ಮಜ್ಜಿಗಿ ಹ್ಯಾಂಗ ಕೊಡೂದ್ರೀ?" ಎಂದರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಅಂಗಡಿಯ ಬಾಟಲಿ ಮರ್ಯಾದೆಯ ಗುರುತಾಗಿ, ಕೈಯಾರೆ ಕಡೆದ ಮಜ್ಜಿಗೆ ಬಡತನದ ಗುರುತಾಗಿದ್ದು ಎಂದಿನಿಂದ?

ಇದರಲ್ಲಿ ನನ್ನ ತಪ್ಪೂ ಇಲ್ಲದಿಲ್ಲ. ಬೇಡವೆಂದರೆ ಮನೆಯವರು ನೊಂದಾರೆಂದು ಅನೇಕ ವರ್ಷ ಹೋದೆಡೆಯಲ್ಲೆಲ್ಲ ಕೊಟ್ಟದ್ದನ್ನು ಕುಡಿದೆ. ಒಂದು ಮಧ್ಯಾಹ್ನಕ್ಕೆ ಮೂರು ಮನೆಯಾದರೆ ಮೂರು ಲೋಟ. ಕೊನೆಗೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಏರಿರುವುದು ಕಂಡಿತು. ಅದೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ಆದರೆ ಮೊದಲು ಬಿಡಬೇಕಾದುದು ಅದನ್ನೇ ಎಂದರು.

ಲೆಕ್ಕ ನೋಡಿದರೆ ವೈದ್ಯರ ಮಾತಿನ ಅರ್ಥ ತಿಳಿಯುತ್ತದೆ. ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ 10 ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿ ಎಂದರೆ 30 ಗ್ರಾಂಗೂ ಮಿಗಿಲು, ಅಂದರೆ ಆರೇಳು ಚಮಚ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ವಯಸ್ಕರು ದಿನವೊಂದಕ್ಕೆ ಸೇವಿಸುವ ಹೆಚ್ಚುವರಿ ಸಕ್ಕರೆ ಸುಮಾರು 25 ಗ್ರಾಂ ಮೀರದಿರುವುದು ಒಳಿತು. ಒಂದೇ ಬಾಟಲಿ ಆ ಮಿತಿಯನ್ನು ದಾಟುತ್ತದೆ. ಚಹಾ ಕುಡಿಯಲು ಬಿಡದ ತಾಯಂದಿರೇ ಮಕ್ಕಳ ಕೈಗೆ ಕೋಲಾ ಕೊಡುತ್ತಾರೆ. ಅದರಲ್ಲಿಯೂ ಚಹಾದಲ್ಲಿರುವ ಕೆಫೀನ್ ಇದೆಯೆಂಬುದು ಅವರಿಗೆ ತಿಳಿದಿರುವುದಿಲ್ಲ.

ಇನ್ನು ದಾಹದ ವಿಚಾರ. ಬೆವರಿನೊಡನೆ ಶರೀರದಿಂದ ಹೊರಹೋಗುವುದು ನೀರು ಮತ್ತು ಉಪ್ಪು. ಕೋಲಾದಲ್ಲಿ ನೀರಿದೆ, ಸಕ್ಕರೆ ಬೇಕಾದಷ್ಟಿದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಚಿಟಿಕೆ ಉಪ್ಪು ಬೆರೆಸಿದ ನೀರು ಮಜ್ಜಿಗೆ ಎರಡನ್ನೂ ಕೊಡುತ್ತದೆ. ಬೆಣ್ಣೆ ತೆಗೆದುದರಿಂದ ಕೊಬ್ಬು ಕಡಿಮೆ; ಸುಣ್ಣದಂಶವೂ ಸಸಾರಜನಕವೂ ಉಳಿದಿರುತ್ತವೆ. ವಾಂತಿಭೇದಿಯಾದ ಮಗುವಿಗಂತೂ ಬಾಟಲಿಯ ಪಾನೀಯವನ್ನು ಕೊಡಲೇಬಾರದು. ಅದರ ಅತಿಯಾದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಮನೆಯಲ್ಲಿಯೇ ಸುಲಭವಾಗಿ ಸಿದ್ಧವಾಗುವ ಕೆಲವು ಪಾನೀಯಗಳನ್ನು ಇಲ್ಲಿ ನಿರೂಪಿಸುತ್ತೇನೆ.

ಮಸಾಲೆ ಮಜ್ಜಿಗೆ: ಒಂದು ಬಟ್ಟಲು ಮೊಸರಿಗೆ ನಾಲ್ಕು ಬಟ್ಟಲು ನೀರು ಸೇರಿಸಿ ಚೆನ್ನಾಗಿ ಕಡೆದು ಬೆಣ್ಣೆ ತೆಗೆಯಬೇಕು. ಜಜ್ಜಿದ ಹಸಿಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು, ಚಿಟಿಕೆ ಇಂಗು, ರುಚಿಗೆ ಉಪ್ಪು ಬೆರೆಸಬೇಕು.

ಅಂಬಲಿ: ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಾಗದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಹಾಕಿ ತಿರುವುತ್ತ ಬೇಯಿಸಬೇಕು. ಆರಿದ ಮೇಲೆ ಮಜ್ಜಿಗೆ, ಉಪ್ಪು ಸೇರಿಸಿ ಕುಡಿಯಬೇಕು. ಉತ್ತರ ಕರ್ನಾಟಕದಲ್ಲಿ ಜೋಳದ ಹಿಟ್ಟಿನಿಂದಲೂ ಅಂಬಲಿ ಮಾಡುವ ರೂಢಿಯಿದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಸುಣ್ಣದಂಶವಿರುವುದರಿಂದ ಬೆಳೆಯುವ ಮಕ್ಕಳಿಗೆ ಇದು ಹಿತಕರ.

ಬೆಲ್ಲದ ಪಾನಕ: ನಾಲ್ಕು ಲೋಟ ನೀರಿಗೆ 40 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಒಂದು ನಿಂಬೆಹಣ್ಣಿನ ರಸ, ಶುಂಠಿ, ಏಲಕ್ಕಿ ಪುಡಿ ಸೇರಿಸಿದರೆ ಸಾಕು. ಲೋಟವೊಂದಕ್ಕೆ 10 ಗ್ರಾಂ ಬೆಲ್ಲ ಮಾತ್ರ ಬೀಳುತ್ತದೆ. ಬೇಲದ ಹಣ್ಣಿನ ತಿರುಳನ್ನು ಕಿವುಚಿ ಇದೇ ರೀತಿ ಪಾನಕ ಮಾಡಬಹುದು. ಕರಾವಳಿ, ಮಲೆನಾಡುಗಳಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆಯನ್ನು ನೆನೆಯಿಟ್ಟು ಪಾನಕ ಮಾಡುತ್ತಾರೆ. ಆ ಕೆಂಪು ಬಣ್ಣಕ್ಕೆ ಯಾವ ಕೃತಕ ವರ್ಣವೂ ಬೇಕಿಲ್ಲ.

ಲಾವಂಚದ ನೀರು: ತೊಳೆದ ಲಾವಂಚದ ಬೇರಿನ ಸಣ್ಣ ಕಟ್ಟನ್ನು ಮಣ್ಣಿನ ಗಡಿಗೆಯ ನೀರಿನಲ್ಲಿ ಇಟ್ಟರೆ ನೀರು ಸುವಾಸಿತವಾಗುತ್ತದೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರುವುದರಿಂದ ವಿದ್ಯುತ್ತಿಲ್ಲದೆಯೇ ತಂಪು ದೊರೆಯುತ್ತದೆ.

ಮನೆಯದೆಂಬ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಹಿತವೆಂದು ಭಾವಿಸಬಾರದು. ಬೆಲ್ಲವೂ ಸಕ್ಕರೆಯ ಬಳಗವೇ; ಮಧುಮೇಹಿಗಳಿಗೆ ಪಾನಕಕ್ಕಿಂತ ಮಜ್ಜಿಗೆಯೇ ಲೇಸು. ರಕ್ತದೊತ್ತಡವುಳ್ಳವರು ಉಪ್ಪಿನಲ್ಲಿ ಮಿತವಿರಬೇಕು. ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಬಿಸಿಲಿನ ಹೊಡೆತದಿಂದ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ನೆರಳಿಗೆ ಒಯ್ದು, ಮೈಗೆ ತಣ್ಣೀರು ಸಿಂಪಡಿಸಿ ಗಾಳಿ ಬೀಸುತ್ತ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಂದು ಆ ತಾಯಿ ಕೊಟ್ಟ ಮಜ್ಜಿಗೆಯನ್ನು ಎರಡು ಲೋಟ ಕುಡಿದೆ. ಸಂಜೆಯ ಪ್ರವಚನದಲ್ಲಿ ನೆರೆದವರ ಮುಂದೆ ಅದರ ರುಚಿಯನ್ನು ಹೇಳಿದೆ. ಮರುದಿನ ಅವರ ಮನೆಯಲ್ಲಿ ಬಾಟಲಿ ತರಿಸಲಿಲ್ಲ. ನಾನು ಜಗುಲಿಯ ಮೇಲೆ ಕೂರುವ ಮೊದಲೇ ತಾಯಿ ತುಂಬಿದ ತಂಬಿಗೆ ಹಿಡಿದು ಬಾಗಿಲ ಮರೆ ಬಿಟ್ಟು ಹೊರಬಂದರು.

ದಾಸೋಹವೆಂದರೆ ನಮ್ಮಲ್ಲಿ ಇದ್ದುದನ್ನು ವಿನಯದಿಂದ ಅರ್ಪಿಸುವುದು. ಇಲ್ಲದ್ದನ್ನು ಕೊಂಡು ತಂದು ಮೆರೆಯುವುದಲ್ಲ. ಈ ಬೇಸಿಗೆಯ ಮದುವೆ, ಗೃಹಪ್ರವೇಶ, ಜಾತ್ರೆಗಳಲ್ಲಿ ಬಂದವರನ್ನು ಒಂದು ಲೋಟ ಮಜ್ಜಿಗೆಯಿಂದ ಇಲ್ಲವೆ ಪಾನಕದಿಂದ ಬರಮಾಡಿಕೊಳ್ಳಿರಿ. ಮನೆಗೆ ಬಂದ ಹಿರಿಯರೂ ನಾಲಗೆ ಬಿಟ್ಟು ಅದನ್ನೇ ಕೇಳಲಿ. ಕೇಳುವವರಿದ್ದರೆ ನೀಡುವವರ ಸಂಕೋಚ ತಾನೇ ಕಳೆಯುತ್ತದೆ.